ನೀಲಿ ಗೌರಾಮಿ, ಗೋಲ್ಡ್ ಗೌರಾಮಿ ಬೇರೆ ಬೇರೆ ಜಾತಿಯಲ್ಲ

ಬೆಂಗಳೂರಿನ ಮೀನು ಸಾಕುವವರ ವಾಟ್ಸಾಪ್‌ ಗುಂಪುಗಳಲ್ಲಿ ಒಂದು ಸಲಹೆ ಓಡಾಡುತ್ತಿದೆ: 'ನೀಲಿ ಗೌರಾಮಿ ಜಗಳ ಆಡಿದರೆ ಜೊತೆಗೆ ಗೋಲ್ಡ್ ಗೌರಾಮಿ ಬಿಡಿ. ಜಾತಿ ಬೇರೆ, ಕಚ್ಚಾಡಲ್ಲ.' ಇದು ತಪ್ಪು.

ನೀಲಿ, ಗೋಲ್ಡ್, ಓಪಲೀನ್ ಮೂರೂ ಒಂದೇ ಜಾತಿ, ತ್ರೀ ಸ್ಪಾಟ್ ಗೌರಾಮಿ. ಬಣ್ಣ ಮಾತ್ರ ಬೇರೆ. ಇನ್ನೊಂದು ಗಂಡು ಬಂದರೆ ಜಗಳ ಜಾಸ್ತಿಯೇ ಆಗುತ್ತದೆ. ಗಂಡು ನೀರಿನ ಮೇಲೆ ನೊರೆಗೂಡು ಕಟ್ಟಿ ಸುತ್ತಲಿನ ಜಾಗ ಕಾಯುತ್ತದೆ. ಆಗ ಹೆಣ್ಣನ್ನೂ ಬಿಡುವುದಿಲ್ಲ, ಅಟ್ಟಿಸಿಕೊಂಡು ಹೋಗುತ್ತದೆ. ಗೌರಾಮಿ ಮೇಲೆ ಬಂದು ಗಾಳಿ ಕುಡಿಯಲೇಬೇಕು. ಹೆದರಿ ಮೂಲೆ ಸೇರಿದ ಮೀನಿಗೆ ಅದೂ ಕಷ್ಟ. ಪಾಪ, ಅಲ್ವಾ?

ಒಂದು ತೊಟ್ಟಿಗೆ ಒಂದೇ ಗಂಡು ಸಾಕು. ಬೆನ್ನಿನ ರೆಕ್ಕೆ ಉದ್ದವಾಗಿ ಚೂಪಾಗಿದ್ದರೆ ಗಂಡು, ಗಿಡ್ಡವಾಗಿ ದುಂಡಗಿದ್ದರೆ ಹೆಣ್ಣು. ಜೊತೆಗೆ 2-3 ಹೆಣ್ಣು ಇದ್ದರೆ ಕಾಟ ಹಂಚಿಹೋಗುತ್ತದೆ. ಈ ಮೀನು ಸುಮಾರು 15 ಸೆಂ.ಮೀ. ಬೆಳೆಯುತ್ತದೆ, ಹಾಗಾಗಿ ಚಿಕ್ಕ ತೊಟ್ಟಿ ಬೇಡವೇ ಬೇಡ. ಅಂತರಗಂಗೆಯಂಥ ತೇಲುವ ಗಿಡ ಹಾಕಿದರೆ ಅಡಗಲು ಜಾಗ ಸಿಗುತ್ತದೆ. ಗಿಡವನ್ನು ಕೆರೆಯಿಂದ ಕಿತ್ತು ತರಬೇಡಿ, ಹುಳ ಬರುತ್ತದೆ. ಕಲ್ಲು, ಗಿಡಗಳ ಜಾಗ ಬದಲಿಸಿದರೆ ಸ್ವಲ್ಪ ದಿನ ಗಲಾಟೆ ತಗ್ಗಬಹುದು.

ಆದರೂ ನಿಲ್ಲಲಿಲ್ಲವಾ? ಕಾಟ ಕೊಡುವ ಗಂಡನ್ನು ಬೇರೆ ತೊಟ್ಟಿಗೆ ಹಾಕಿ. ದಯವಿಟ್ಟು ಹಲಸೂರು ಕೆರೆಗೋ ಸ್ಯಾಂಕಿ ಕೆರೆಗೋ ಬಿಡಬೇಡಿ. ಇದು ಆಗ್ನೇಯ ಏಷ್ಯಾದ ಮೀನು, ನಮ್ಮ ಕೆರೆಯದಲ್ಲ.