ಚಾಪೆ ಕೆಳಗೆ ತೂರುವ ಮರಳು

ಹೆಗಲ ಮೇಲಿನ ಬೈರಾಸು ಅಪರಾಧಕ್ಕೆ ಬಳಸುವ ಆಯುಧ ಎಂದು ನನಗೆ ತಿಳಿದದ್ದು ಸ್ತಿಂತಿನೊದಲ್ಲಿ. ಇಟಲಿಯ ಸಾರ್ಡೀನಿಯಾ ದ್ವೀಪದ ವಾಯವ್ಯ ತುದಿಯಲ್ಲಿರುವ ಪುಟ್ಟ ಊರದು. ಅಲ್ಲಿನ ಲಾ ಪೆಲೋಸಾ ಎಂಬ ಬೀಚಿನಲ್ಲಿ ಬರೀ ಮರಳಿನ ಮೇಲೆ ಟವಲ್ ಹಾಸುವಂತಿಲ್ಲ. ಕೆಳಗೊಂದು ಚಾಪೆ ಬೇಕು. ಇಲ್ಲವಾದರೆ 100 ಯೂರೋ ದಂಡ. ಒದ್ದೆ ಟವಲಿಗೆ ಮರಳು ಅಂಟುತ್ತದೆ, ಜನ ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನಡೆಯುತ್ತಾರೆ, ತೀರ ಸವೆಯುತ್ತದೆ ಎನ್ನುವುದು ಕಾರಣ.

ತರ್ಕ ಸುಳ್ಳಲ್ಲ. ನನ್ನ ಬೈರಾಸನ್ನೇ ಕೊಡವಿ ನೋಡಿದೆ. ನೂಲಿನ ಎಳೆಎಳೆಯಲ್ಲೂ ಕಲ್ಲುಪ್ಪಿನ ಹುಡಿಯಂಥ ಬಿಳಿ ಕಣಗಳು. ಇನ್ನೆರಡು ಸಲ ಕೊಡವಿದರೆ ಒಂದು ಚಮಚೆ ಆದೀತು. ದಿನಕ್ಕೆ ಒಳಗೆ ಬಿಡುವುದು 1,500 ಜನರನ್ನು. ಊರಿನ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ತಲೆಗೆ 3.50 ಯೂರೋ, ಆನ್‌ಲೈನ್ ಬುಕಿಂಗ್, ಕೈಗೊಂದು ಪಟ್ಟಿ. ಆಸ್ಪತ್ರೆಗೆ ಅಡ್ಮಿಟ್ ಆದವರ ಹಾಗೆ ಕೈ ತೋರಿಸಿಕೊಂಡು ಸಮುದ್ರಕ್ಕಿಳಿಯಬೇಕು, ಹೊರಡುವಾಗ ಕಾಲು ತೊಳೆಯಬೇಕು. ನಮ್ಮಲ್ಲಿ ಮನೆಯೊಳಗೆ ಬರುವಾಗ ಕಾಲು ತೊಳೆಯುತ್ತೇವೆ. ಅಲ್ಲಿ ಬೀಚಿನಿಂದ ಆಚೆ ಹೋಗುವಾಗ.

ಇಷ್ಟೆಲ್ಲ ಕಾವಲಿನ ನಡುವೆ ಬೆನ್ನು ತಿರುಗಿಸಿ ನೋಡಿದರೆ ಒಂದು ಡಾಂಬರು ರಸ್ತೆ. ಹಿಂದೆ ಅಲ್ಲಿದ್ದದ್ದು ಮರಳದಿಬ್ಬ. ಬಿರುಗಾಳಿಯ ದಿನ ಅಲೆ ಕದ್ದೊಯ್ದ ಮರಳನ್ನು ತೀರಕ್ಕೆ ಮರಳಿ ಕೊಡುವ ಖಜಾನೆಯೇ ಆ ದಿಬ್ಬ. ಪ್ರವಾಸಿಗರ ಕಾರು ಸಲೀಸಾಗಿ ಬರಲೆಂದು ಖಜಾನೆಯ ಮೇಲೆಯೇ ಟಾರು ಸುರಿದರು. ಸುರಿದವರು ಟವಲ್ ಹಾಸಿರಲಿಲ್ಲವಾದ್ದರಿಂದ ಅವರಿಗೆ ದಂಡ ಬೀಳಲಿಲ್ಲ.

ಕಳ್ಳರೇ ಇಲ್ಲ ಎಂದಲ್ಲ. 2019ರಲ್ಲಿ ಫ್ರಾನ್ಸಿನ ಗಂಡಹೆಂಡತಿ ಇದೇ ದ್ವೀಪದ ದಕ್ಷಿಣ ತೀರದಿಂದ 40 ಕೆ.ಜಿ. ಮರಳನ್ನು 14 ಪ್ಲಾಸ್ಟಿಕ್ ಬಾಟಲಿಗಳಲ್ಲಿ ತುಂಬಿಕೊಂಡು ಹಡಗು ಹತ್ತುವ ಮುಂಚೆ ಸಿಕ್ಕಿಬಿದ್ದರು. ನೆನಪಿಗೆಂದು ಒಯ್ಯುತ್ತಿದ್ದೆವು ಎಂದರಂತೆ. ನೇತ್ರಾವತಿ ದಡದಲ್ಲಿ ರಾತ್ರಿ ಲಾರಿ ತುಂಬಿಸುವ ನಮ್ಮ ಧಣಿಗಳು ಈ ಸುದ್ದಿ ಓದಿದರೆ ನಕ್ಕು ನಕ್ಕು ಲೋಡಿನ ಮೇಲಿಂದ ಉರುಳಿಯಾರು. ನಲವತ್ತು ಕಿಲೋ! ಅವರ ಟಯರಿಗೆ ಮೆತ್ತಿಕೊಂಡು ಹೋಗುವುದೇ ಅದಕ್ಕಿಂತ ಜಾಸ್ತಿ.

ಈ ಊರು ಹುಟ್ಟಿದ ಕತೆ ಇನ್ನೂ ಚೆನ್ನಾಗಿದೆ. ಎದುರಿಗೇ ಕಾಣುವ ಅಸಿನಾರಾ ದ್ವೀಪದಲ್ಲಿ ಮೀನು ಹಿಡಿದು, ಕುರಿ ಕಾಯ್ದು ಬದುಕಿದ್ದವರನ್ನು 1885ರಲ್ಲಿ ಸರ್ಕಾರ ಎಬ್ಬಿಸಿ ಕಳಿಸಿತು. ಅಲ್ಲಿ ಕೈದಿಗಳ ವಸಾಹತು ಮತ್ತು ರೋಗಿಗಳ ದಿಗ್ಬಂಧನ ಕೇಂದ್ರ ಆಗಬೇಕಿತ್ತು. ಹಾಗೆ ಹೊರಬಿದ್ದ 45 ಕುಟುಂಬಗಳು ಕಟ್ಟಿಕೊಂಡದ್ದು ಸ್ತಿಂತಿನೊ. ಮಾಫಿಯಾ ದೊರೆ ತೊತೊ ರೀನಾನನ್ನೂ ಕೂಡಿಹಾಕಿದ್ದ ಆ ಜೈಲು 1997ರ ಕೊನೆಗೆ ಮುಚ್ಚಿ, ದ್ವೀಪ ಈಗ ರಾಷ್ಟ್ರೀಯ ಉದ್ಯಾನ. ಬಿಳಿ ಕತ್ತೆಗಳು ಕೈಪಟ್ಟಿಯಿಲ್ಲದೆ ಅಡ್ಡಾಡುತ್ತವೆ. ಈಚೆ ದಡದಲ್ಲಿ ರಜೆಗೆ ಬಂದವರನ್ನು ಎಣಿಸಿ ಒಳಗೆ ಬಿಡುತ್ತಾರೆ. ಜೈಲು ಮುಚ್ಚಿದ ಮೇಲೆ ಎಣಿಕೆಯ ಅಭ್ಯಾಸ ಮಾತ್ರ ದೋಣಿ ಹತ್ತಿ ಇತ್ತ ಬಂದಿರಬೇಕು.

ನಾನೂ ಚಾಪೆ ಕೊಂಡು, ಹಾಸಿ, ಅದರ ಮೇಲೆ ಬೈರಾಸು ಹಾಸಿ, ಕಾನೂನಿನ ಮೇಲೆ ಅಂಗಾತ ಮಲಗಿದೆ. ನಾನು ಚಾಪೆಯ ಮೇಲೆ, ಮರಳು ಚಾಪೆಯ ಕೆಳಗೆ. ಇನ್ನು ರಂಗೋಲಿ ಕೆಳಗೆ ತೂರುವವರು ಯಾರೂ ಇಲ್ಲ ಎಂದುಕೊಂಡಿದ್ದೆ. ಸಂಜೆ ಕಾಲು ತೊಳೆದು, ಕಾವಲಿನವನಿಗೆ ನಮಸ್ಕರಿಸಿ ರೂಮಿಗೆ ಬಂದು ಪ್ಯಾಂಟಿನ ಮಡಿಕೆ ಬಿಡಿಸಿದರೆ ನೆಲದ ಮೇಲೆ ಬುಳಬುಳನೆ ಬಿಳಿ ಮರಳು.

ಹೆಂಡತಿ ಒಮ್ಮೆ ನೆಲ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. "ಮಾರಾಯ್ರೆ, ಮೊದಲು ಬಾಗಿಲು ಹಾಕಿ" ಅಂದಳು.