ಎತ್ತದ ಕರೆಯ ಸದಸ್ಯತ್ವ

ಪಕ್ಷದ ಸದಸ್ಯತ್ವವೆಂದರೆ ಒಂದು ಕಾಲಕ್ಕೆ ರಸೀದಿ ಪುಸ್ತಕ ಹಿಡಿದು ಮನೆಗೆ ಬರುವ ಕಾರ್ಯಕರ್ತ. ಕಾಫಿ ಕುಡಿದ ತಪ್ಪಿಗೆ ಮೋರಿ ಕಟ್ಟಿಕೊಂಡ ಕಥೆಯನ್ನೂ ಆತ ಕೇಳಿಸಿಕೊಳ್ಳಬೇಕಿತ್ತು. 2014ರಲ್ಲಿ ಬಿಜೆಪಿ ಆ ತಾಪತ್ರಯ ತಪ್ಪಿಸಿತು: ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಸದಸ್ಯ. ಆಮೇಲೆ ಕಾಂಗ್ರೆಸ್ ಕೂಡ ಮೊಬೈಲ್ ಆ್ಯಪ್ ಹಿಡಿದು ಹೊರಟಿತು. ಪ್ರಜೆ ಕರೆ ಮಾಡುವುದು, ಪಕ್ಷ ಎತ್ತದಿರುವುದು. ಮುಂದಿನ ಸಂಬಂಧವನ್ನು ಮೊದಲ ದಿನವೇ ಇಷ್ಟು ಪ್ರಾಮಾಣಿಕವಾಗಿ ತಿಳಿಸಿದ ಇನ್ನೊಂದು ಯೋಜನೆಯನ್ನು ನಾನಂತೂ ಕಂಡಿಲ್ಲ.

ಬೆಂಗಳೂರು ಈ ವಿದ್ಯೆಯಲ್ಲಿ ಇನ್ನೂ ಮುಂದೆ. ಇಲ್ಲಿ ಪಾಲಿಕೆಗೆ ಮತದಾನ ನಡೆದದ್ದು 2015ರ ಆಗಸ್ಟ್‌ನಲ್ಲಿ, 198 ವಾರ್ಡುಗಳಿಗೆ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ನಂತರದ ಐದು ವರ್ಷಗಳಲ್ಲಿ ವಾರ್ಡುಗಳು 243 ಆದವು, 225 ಆದವು, ಪಾಲಿಕೆಯೇ ಒಡೆದು ಐದಾಯಿತು, ಚುನಾವಣೆಯೊಂದು ಆಗಲಿಲ್ಲ. ಹಾಗೆಂದು ನಾಯಕರಿಗೇನೂ ಬರ ಬರಲಿಲ್ಲ.

ನಮ್ಮ ಬಡಾವಣೆಯ ಟಿಕೆಟ್ ಆಕಾಂಕ್ಷಿಯನ್ನೇ ನೋಡಿ. ‘ನಮ್ಮ ವಾರ್ಡ್, ನಮ್ಮ ಅಣ್ಣ’ ಎಂಬ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಕ್ಕೆ ಮೂರು ಹೊತ್ತು ಜನಸೇವೆ. ಬೆಳಿಗ್ಗೆ ಶುಭೋದಯ, ಮಧ್ಯಾಹ್ನ ಯಾವನೋ ಶಾಸಕನ ಹುಟ್ಟುಹಬ್ಬ, ಸಂಜೆ ರೀಲ್. ಗುಂಡಿಯ ಪಕ್ಕ ನಿಂತು ಎಂಜಿನಿಯರರಿಗೆ ಫೋನಿನಲ್ಲಿ ಗದರಿದ ರೀಲ್‌ಗೆ ಹಿನ್ನೆಲೆಯಲ್ಲಿ ಡೊಳ್ಳು ಬೇರೆ. (ಫೋನಿನ ಆ ಕಡೆ ಎಂಜಿನಿಯರ್ ಇದ್ದರೋ ಇಲ್ಲವೋ, ಡೊಳ್ಳಂತೂ ಚೆನ್ನಾಗಿತ್ತು.) ಗುಂಡಿ ಮುಚ್ಚಿಸಿದರೆ ಎರಡನೆಯ ಕಂತಿಗೆ ಜಾಗ ಹುಡುಕಬೇಕಲ್ಲ, ಅದಕ್ಕೇ ಮುಚ್ಚಿಸಿಲ್ಲ.

ಹಿರಿಯರೊಬ್ಬರು ಅಲ್ಲೇ ಕೇಳಿದರು: ‘ಸ್ವಾಮಿ, ಕಸದ ಗಾಡಿ ನಾಲ್ಕು ದಿನದಿಂದ ಬಂದಿಲ್ಲ.’ ಅವರಿಗೆ ಮೂವತ್ತೆರಡು ಕೈಮುಗಿದ ಚಿತ್ರಗಳು ಬಂದವು, ಗಾಡಿ ಬರಲಿಲ್ಲ. ಮತ್ತೆ ಕೇಳಿದಾಗ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯಬಹುದೆಂಬ ನಿಯಮ ಬಂತು. ಮರುದಿನ ಅಣ್ಣನ ಪೋಸ್ಟರ್: ‘ನಿಮ್ಮ ದನಿಗೆ ಕಿವಿಯಾಗುವೆ.’

ಈ ನಡುವೆ ವಾರ್ಡಿನ ಗಡಿ ಬದಲಾಗಿ ಗುಂಪಿನ ಅರ್ಧ ಜನ ಪಕ್ಕದ ವಾರ್ಡಿನ ಮತದಾರರಾಗಿಬಿಟ್ಟರು. ಅಣ್ಣನಿಗೆ ಅದು ಗೊತ್ತಾಗಲಿಲ್ಲ, ಅವರಿಗೂ ಗೊತ್ತಾಗಲಿಲ್ಲ. ಗೊತ್ತಾಗಿಯಾದರೂ ಮಾಡುವುದೇನು? 2024ರ ಲೋಕಸಭೆಗೆ ಬೆಂಗಳೂರು ದಕ್ಷಿಣದಲ್ಲಿ ಮತಗಟ್ಟೆಗೆ ಹೋದವರು ನೂರಕ್ಕೆ 53 ಮಂದಿ. ಅಣ್ಣನ ರೀಲ್‌ಗೆ ಬೆರಳು ಒತ್ತಿ ದಣಿದವರು ಶಾಯಿಗೆ ಇನ್ನೊಂದು ಬೆರಳು ಎಲ್ಲಿಂದ ತರಬೇಕು?

ನಿನ್ನೆ ರಾತ್ರಿ ಹೊಸ ಪ್ರಕಟಣೆ ಬಂದಿದೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಅಣ್ಣನ ನೇತೃತ್ವದಲ್ಲಿ ಬೃಹತ್ ಪಾದಯಾತ್ರೆ. ಲಿಂಕ್ ಕಳುಹಿಸಲಾಗುವುದು.