ಸತ್ಯಾಂಶ: ಸಮಿತಿಗೆ ಹೋದ ಮಸೂದೆ ಬಿದ್ದುಹೋದ ಮಸೂದೆಯಲ್ಲ

"ಮಸೂದೆ ಸಂಸದೀಯ ಸಮಿತಿಗೆ ಹೋಯ್ತು ಅಂದ್ರೆ ಅಲ್ಲಿಗೆ ಮುಗೀತು, ನಿಶ್ಚಿಂತೆಯಾಗಿರಿ." ತೀರ್ಥಹಳ್ಳಿ, ಹೊಸನಗರದ ಕಡೆ ವಾಟ್ಸಾಪ್‌ನಲ್ಲಿ ಇಂಥ ಮಾತು ಓಡಾಡುತ್ತದೆ. ಇದು ತಪ್ಪು.

ಕಾಡಿನ ಅಂಚಲ್ಲಿ ಬದುಕುವ ನಮಗೆ ಹತ್ತಿರದ ಉದಾಹರಣೆಯೇ ಇದೆ. ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆ 2023ರ ಮಾರ್ಚ್‌ನಲ್ಲಿ ಸಂಸತ್ತಿನ ಎರಡೂ ಸದನಗಳ ಸದಸ್ಯರಿರುವ ಜಂಟಿ ಸಮಿತಿಗೆ ಹೋಯಿತು. ಕೆಲವು ಸದಸ್ಯರು ಭಿನ್ನಮತ ಬರೆದುಕೊಟ್ಟರು. ಆದರೂ ಸಮಿತಿ ಒಂದೂ ಬದಲಾವಣೆ ಸೂಚಿಸಲಿಲ್ಲ. ಆಗಸ್ಟ್ 2ರ ಹೊತ್ತಿಗೆ ಎರಡೂ ಸದನಗಳು ಒಪ್ಪಿಯಾಗಿತ್ತು.

ಸಮಿತಿಯ ಕೆಲಸ ವಿಚಾರಣೆ. ಅಧಿಕಾರಿಗಳನ್ನು, ತಜ್ಞರನ್ನು ಕರೆಸಿ ಕೇಳುತ್ತದೆ, ವರದಿ ಕೊಡುತ್ತದೆ. ಆ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ. ಜನರ ಲಿಖಿತ ಅಭಿಪ್ರಾಯವನ್ನೂ ಸಮಿತಿ ಕೇಳುವುದುಂಟು. ನಮ್ಮ ತೋಟದ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ಕಷ್ಟ ಹೇಳಿಕೊಳ್ಳಲು ಅದೇ ಹೊತ್ತು. ಆಗ ಸುಮ್ನೆ ಕೂರಬೇಡಿ.